ಅತ್ತರ್ ಬದಲಾದ್ರ ಮೈಗ್ಯಾಕ ಬೈತೀರಿ?

ಮದುವಿ ದಿನಾ ಬಂದ್ವು ಅಂದ್ರ ಟ್ರಂಕಿನ್ಯಾಗಿನ ಅತ್ತರ್ ಬಾಟ್ಲಿ ಹೊರಗ ಬರ್ತಾವ. ಜೊತಿಗೆ ಒಂದು ಮಾತೂ ಬರ್ತದ: “ನಿನ್ನ ಮೈಗೆ ಅತ್ತರ್ ಒಗ್ಗೂದಿಲ್ಲ ಬಿಡವಾ, ಬೆವರಿಗೆ ಕೆಟ್ಟು ಹೋಗ್ತದ.” ಈ ಮಾತು ಕೇಳಿದ್ರ ನನಗ ಸಿಟ್ಟು ಬರ್ತದ. ಗಂಡಸರಿಗೆ ಯಾರರೆ ಹಿಂಗ ಅಂದದ್ದು ಕೇಳೀರೇನು?

ಅತ್ತರಿನೊಳಗ ಇರೂದು ಒಂದೇ ವಾಸನಿ ಅಲ್ಲ. ನಿಂಬಿಯಂಥ ಹಗುರ ವಾಸನಿ ಮೈ ಬಿಸಿಗೆ ಮೊದಲ ಹಾರಿ ಹೋಗ್ತದ. ಹೂವಿಂದು ಇನ್ನೊಂದೀಟು ಹೊತ್ತು ನಿಲ್ತದ. ಗಂಧ, ಲಾವಂಚ ಕಡೀತನಕ ಉಳೀತಾವ. ಒಣ ಚರ್ಮದ ಮ್ಯಾಲಿಂದ ಲಗೂ ಹೋಗ್ತದ, ಜಿಡ್ಡಿದ್ದಲ್ಲಿ ಹೆಚ್ಚು ಹೊತ್ತು ಇರ್ತದ. ಬೆವರು ಕೂಡಿದ್ರ ಬ್ಯಾರೆ ಆಗ್ತದ, ಖರೆ. ಬೆವರು ಯಾರಿಗೆ ಬರೂದಿಲ್ಲ? ಬದಲಾಗೂದು ಅತ್ತರಿನ ಗುಣ, ಮೈಯ ದೋಷ ಅಲ್ಲ.

ಇನ್ನ ಬಾಟ್ಲಿ ಒಳಗಿಂದು. ಕನೌಜಿನ ಹಳೇ ಪದ್ಧತಿಯೊಳಗ ಹೂವಿನ ಉಗಿಯನ್ನ ಗಂಧದೆಣ್ಣಿಗೆ ಇಳಸ್ತಾರ. ಗಂಧ ತುಟ್ಟಿ ಆದಮ್ಯಾಲೆ ಎಷ್ಟೋ ಅತ್ತರಿನೊಳಗ ಆ ಜಾಗಾಕ್ಕ ವಾಸನಿ ಇಲ್ಲದ ಪ್ಯಾರಾಫಿನ್ ಎಣ್ಣಿ ಬಂದದ. ತಳದಾಗ ಗಂಧನ ಇಲ್ಲಂದ್ರ, ಹೂವು ಹಾರಿದ ಮ್ಯಾಲೆ ಉಳಿಯೂದರೆ ಏನು? ಅದಕ್ಕೂ ನಮ್ಮ ಬೆವರ ಕಾರಣ ಏನು?

“ಮೂಸಿ ನೋಡಿ ತೊಗೊಳ್ರಿ” ಅಂತಾರ ಅಂಗಡಿಯವರು. ಹಂಗ ತೊಗೋಬ್ಯಾಡ್ರಿ. ಮುಂಗೈಗೆ ಒಂದು ಹನಿ ಹಚ್ಚಿಸಿಕೊಂಡು, ಸಂತಿ ಮುಗಿಸಿಕೊಂಡು ಬರ್ರಿ. ಒಂದು ತಾಸಿನ ಮ್ಯಾಲೂ ಮನಸಿಗೆ ಬಂದ್ರ ರೊಕ್ಕಾ ಕೊಡ್ರಿ. ಇಲ್ಲಂದ್ರ ಬ್ಯಾರೆ ಬಾಟ್ಲಿ ನೋಡ್ರಿ ವೈನಿ. ಹುಡುಗಿ ಮೈಗೆ ಹೆಸರಿಡಬ್ಯಾಡ್ರಿ.