ಹಿಂದಿನ ಸೀಟಿನಲ್ಲಿ ಉಮ್ಮ



ನಿಮ್ಮ ಮನೆಯಲ್ಲೊಂದು ಬೈಕ್ ಇರಬಹುದು. ಮಗನದ್ದೋ, ಪತಿಯದ್ದೋ, ತಮ್ಮನದ್ದೋ ಆಗಿರಬಹುದು. ನಿಮ್ಮದೇ ಸ್ಕೂಟರೂ ಇರಬಹುದು. ಅದರ ಹಿಂದಿನ ಸೀಟಿನಲ್ಲಿ ನಿಮ್ಮ ತಾಯಿ ಅಥವಾ ತಂದೆ ಕೊನೆಯ ಬಾರಿ ಕುಳಿತದ್ದು ಯಾವಾಗ? ಎಲ್ಲಿಗೆ ಹೋಗಲು? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ ಆಗಿರುತ್ತದೆ. ರಕ್ತ ಪರೀಕ್ಷೆಗೆ, ಕಣ್ಣಿನ ಡಾಕ್ಟರರ ಬಳಿಗೆ, ಬ್ಯಾಂಕಿಗೆ, ಅಥವಾ ಯಾರದೋ ಮಯ್ಯಿತ್ ನೋಡಲು. ಸಂತೋಷಕ್ಕಾಗಿ, ಅವರು ಬಯಸಿದ ಜಾಗಕ್ಕೆ ಅವರನ್ನು ಕರೆದೊಯ್ದ ದಿನವೊಂದು ನಿಮಗೆ ನೆನಪಾಗುತ್ತದೆಯೇ?

ನಮ್ಮಲ್ಲಿ ಹಿರಿಯರ ಆರೈಕೆ ಇಲ್ಲವೆಂದಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತೇವೆ, ಉಪ್ಪು ಕಡಿಮೆ ಹಾಕಿ ಅಡುಗೆ ಮಾಡುತ್ತೇವೆ, ಹಬ್ಬಕ್ಕೆ ಹೊಸ ಬಟ್ಟೆ ತರುತ್ತೇವೆ. ಆದರೆ ಆರೈಕೆಯ ಭರದಲ್ಲಿ ಅವರಿಗೂ ಒಂದು ಆಸೆ ಇದ್ದೀತು, ನೋಡಬೇಕೆನಿಸುವ ಒಂದು ಮುಖ ಇದ್ದೀತು ಎಂಬುದು ನಮಗೆ ಹೊಳೆಯುವುದೇ ಇಲ್ಲ. ಅವರಾಗಿ ಕೇಳುವುದೂ ಇಲ್ಲ. 'ಮಕ್ಕಳಿಗೆ ಪುರುಸೊತ್ತಿಲ್ಲ' ಎಂದು ಸುಮ್ಮನಾಗುತ್ತಾರೆ.

ನಮ್ಮ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಮದುವೆಯಾಗಿ ಬಂಟ್ವಾಳದ ಕಡೆಗೆ ಬಂದವರು. ಅವರ ತವರು ಬೆಳ್ತಂಗಡಿಯ ಆಚೆ, ಗಡಾಯಿಕಲ್ಲಿನ ಬುಡದ ಒಂದು ಹಳ್ಳಿ. ಸೌದಿಯಲ್ಲಿ ದುಡಿಯುವ ಅವರ ಮಗ ಕಳೆದ ಡಿಸೆಂಬರಿನಲ್ಲಿ ಒಂದು ತಿಂಗಳ ರಜೆಯಲ್ಲಿ ಬಂದಿದ್ದ. ಗಲ್ಫ್‌ನಿಂದ ಬಂದವರ ರಜೆ ಹೇಗೆ ಕಳೆಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ಮದುವೆ, ಎರಡು ಗೃಹಪ್ರವೇಶ, ಮನೆಯ ರಿಪೇರಿ, ಪಾಸ್‌ಪೋರ್ಟಿನ ಓಡಾಟ. ಹೊರಡಲು ವಾರವಿದ್ದಾಗ ಅವನು ತಾಯಿಯಲ್ಲಿ, "ಉಮ್ಮಾ, ನಿಮಗೆ ಏನು ಬೇಕು?" ಎಂದು ಕೇಳಿದ. ಬಳೆಯೋ ಸರವೋ ಕೇಳಿಯಾರು ಎಂದುಕೊಂಡಿದ್ದ.

"ನನ್ನನ್ನು ಒಂದು ದಿನ ಊರಿಗೆ ಕರ್ಕೊಂಡು ಹೋಗ್ತೀಯಾ?" ಎಂದರು ಅವರು.

ತವರಿನಲ್ಲಿ ಈಗ ಯಾರೂ ಇಲ್ಲ. ಅಣ್ಣಂದಿರು ತೀರಿಹೋಗಿದ್ದಾರೆ, ಮನೆಯೂ ಮಾರಾಟವಾಗಿದೆ. ಅವರಿಗೆ ನೋಡಬೇಕಾಗಿದ್ದುದು ಬಾಲ್ಯದ ಗೆಳತಿಯನ್ನು. ಬೇಲಿಯಾಚೆಯ ಮನೆಯ ಆ ತುಳು ಮಾತಿನ ಹಿಂದೂ ಹೆಣ್ಣುಮಗಳೊಂದಿಗೆ ಒಂದೇ ಜಗಲಿಯಲ್ಲಿ ಕುಳಿತು ಇವರು ಬೀಡಿ ಕಟ್ಟಿದ್ದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಉರಿದದ್ದು, ಎಷ್ಟೋ ಹೆಣ್ಣುಮಕ್ಕಳ ಕಿವಿಗೆ ಚಿನ್ನ ಬಂದದ್ದು ಸಾವಿರಕ್ಕೆ ಇಷ್ಟು ಎಂದು ಸಿಗುತ್ತಿದ್ದ ಆ ಕೂಲಿಯಿಂದ. ಇಪ್ಪತ್ತು ವರ್ಷಗಳಿಂದ ಗೆಳತಿಯರು ಪರಸ್ಪರ ನೋಡಿರಲಿಲ್ಲ.

ಮಗ ಕಾರು ಬಾಡಿಗೆಗೆ ಮಾತಾಡುತ್ತೇನೆಂದ. ತಾಯಿ ಒಪ್ಪಲಿಲ್ಲ. ಕಾರಿನೊಳಗೆ ಕೂತರೆ ಅವರಿಗೆ ಹೊಟ್ಟೆ ತೊಳೆಸುತ್ತದೆ. "ಬೈಕಿನಲ್ಲಾದರೆ ಗಾಳಿ ಇರುತ್ತದೆ, ನಿಧಾನ ಹೋಗು ಸಾಕು" ಎಂದರು.

ಬೆಳಗ್ಗೆ ಏಳಕ್ಕೆ ಹೊರಟರು. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಸುಮಾರು 35 ಕಿಲೋಮೀಟರ್. ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಅಂಗಳಗಳಲ್ಲಿ ಅಡಿಕೆ ಒಣಗುತ್ತಿತ್ತು. ರಬ್ಬರ್ ತೋಟಗಳ ಬದಿಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ತಾಯಿ ಮಗನ ಕಿವಿಯ ಬಳಿ ಮಾತಾಡುತ್ತಲೇ ಇದ್ದರಂತೆ. ಇಲ್ಲಿ ಬೀಡಿಯ ಬ್ರಾಂಚ್ ಇತ್ತು, ಇಲ್ಲಿ ನಿನ್ನ ಅಜ್ಜನಿಗೆ ದಿನಸಿ ಅಂಗಡಿ ಇತ್ತು, ಈ ತೋಡು ದಾಟುವಾಗ ನನ್ನ ಒಂದು ಚಪ್ಪಲಿ ಹೋಗಿತ್ತು. ನಲವತ್ತೆರಡು ವರ್ಷದ ಆ ಮಗ ನನ್ನಲ್ಲಿ ಹೇಳಿದ: "ನನ್ನ ಉಮ್ಮ ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ."

ಬೆಳ್ತಂಗಡಿ ದಾಟಿದ ಮೇಲೆ ಗಡಾಯಿಕಲ್ಲು ಕಾಣಿಸಿತು. 1794ರಲ್ಲಿ ಟಿಪ್ಪು ಸುಲ್ತಾನ್ ಈ ಬಂಡೆಯ ನೆತ್ತಿಯಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. 1799ರಲ್ಲಿ ಅದು ಬ್ರಿಟಿಷರ ವಶವಾಯಿತು. ಅದು ಸುಲ್ತಾನನ ತಾಯಿಯ ಹೆಸರೆಂದು ಆ ಕಡೆಯ ಜನ ಹೇಳುತ್ತಾರೆ. ಮಗ ಬೈಕ್ ನಿಲ್ಲಿಸಿದ. ತಾಯಿ ಕೆಳಗಿನಿಂದಲೇ ತಲೆ ಎತ್ತಿ ನೋಡಿ, "ಇದರ ಬುಡದಲ್ಲಿ ನಾವು ಸೌದೆ ಆರಿಸುತ್ತಿದ್ದೆವು" ಎಂದರು.

ಗೆಳತಿಗೆ ಕಣ್ಣು ಮಂಜಾಗಿತ್ತು. ಅಂಗಳದಿಂದ ಕೇಳಿದ ಧ್ವನಿಯಲ್ಲೇ ಗುರುತು ಹಿಡಿದರು. ತುಳುವಿನಲ್ಲಿ ಹೆಸರು ಹಿಡಿದು ಕರೆದು, ಅಂತೂ ಬಂದೆಯಲ್ಲ ಎಂದು ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ಓಲೆಬೆಲ್ಲ ಹಾಕಿದ ಚಹಾ ಬಂತು. ಲುಹರ್‌ನ ಹೊತ್ತಾದಾಗ ಗೆಳತಿಯೇ ಸೊಸೆಯನ್ನು ಕರೆದು ಒಳಕೋಣೆಯಲ್ಲಿ ಚಾಪೆ ಹಾಸಿಸಿದರು. ಯಾವ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂದೂ ಅವರೇ ಹೇಳಿದರು. ಹುಡುಗಿಯಾಗಿದ್ದಾಗ ಇವರು ಅದೇ ಕೋಣೆಯಲ್ಲಿ ನಮಾಝ್ ಮಾಡುತ್ತಿದ್ದುದು ಅವರಿಗೆ ಮರೆತಿರಲಿಲ್ಲ.

ಫೆಬ್ರವರಿಯಲ್ಲಿ ಆ ಗೆಳತಿ ತೀರಿಕೊಂಡ ಸುದ್ದಿ ಬಂತು. ನಮ್ಮ ನೆರೆಮನೆಯ ತಾಯಿ ಅತ್ತರು. ಆಮೇಲೆ, "ಮಗ ಆ ದಿನ ಕರೆದುಕೊಂಡು ಹೋಗದೆ ಇದ್ದಿದ್ದರೆ!" ಎಂದರು. ಆ ತಿಂಗಳ ರಜೆಯಲ್ಲಿ ಅವನು ಮಾಡಿದ ಎಲ್ಲ ಖರ್ಚಿಗಿಂತ ಇನ್ನೂರೋ ಮುನ್ನೂರೋ ರೂಪಾಯಿಯ ಆ ಪೆಟ್ರೋಲ್ ದೊಡ್ಡದಾಯಿತು.

ಸಹೋದರಿಯರೇ, ಇದು ಕೇವಲ ಭಾವನೆಯ ಮಾತಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಅಬ್ದುಲ್ಲಾ ಇಬ್ನು ಉಮರ್(ರ)ರ ಒಂದು ಘಟನೆಯಿದೆ. ಮಕ್ಕಾದ ದಾರಿಯಲ್ಲಿ ಅವರಿಗೆ ಒಬ್ಬ ಗ್ರಾಮೀಣ ಅರಬ ಎದುರಾದ. ಒಂಟೆಯ ಸವಾರಿ ಬೇಸರವಾದಾಗ ಏರುತ್ತಿದ್ದ ತಮ್ಮ ಕತ್ತೆಯನ್ನೂ ತಲೆಯ ಮುಂಡಾಸನ್ನೂ ಅವರು ಅವನಿಗೆ ಕೊಟ್ಟುಬಿಟ್ಟರು. ಅವನಿಗೆ ಇಷ್ಟೆಲ್ಲ ಬೇಕಿತ್ತೇ ಎಂದು ಜೊತೆಯವರು ಅಚ್ಚರಿಪಟ್ಟಾಗ, ಅವನ ತಂದೆ ನನ್ನ ತಂದೆಯ ಗೆಳೆಯನಾಗಿದ್ದ ಎಂದರು. ತಂದೆಯ ಸ್ನೇಹಿತರ ಮನೆಯವರೊಂದಿಗೆ ಸಂಬಂಧ ಉಳಿಸಿಕೊಳ್ಳುವುದು ಅತ್ಯುತ್ತಮ ಒಳಿತು ಎಂಬ ಪ್ರವಾದಿ(ಸ)ವರ್ಯರ ಮಾತನ್ನು ನೆನಪಿಸಿದರು. ಸ್ವತಃ ಪ್ರವಾದಿ(ಸ)ವರ್ಯರು ಖದೀಜಾ(ರ)ರ ನಿಧನದ ನಂತರವೂ ಅವರ ಗೆಳತಿಯರ ಮನೆಗೆ ಮಾಂಸ ಕಳುಹಿಸುತ್ತಿದ್ದರು.

ತಂದೆ ತೀರಿಕೊಂಡ ಮೇಲೂ ಅವರ ಗೆಳೆತನಕ್ಕೆ ಇಷ್ಟು ಬೆಲೆಯಿದೆ. ಹಾಗಿರುವಾಗ, ಅವರು ಬದುಕಿರುವಾಗಲೇ ಗೆಳೆಯನ ಮನೆ ಬಾಗಿಲಿಗೆ ಅವರನ್ನು ತಲುಪಿಸುವುದು ಎಷ್ಟು ದೊಡ್ಡ ಸೇವೆ!

ಅದೇ ಇಬ್ನು ಉಮರ್(ರ)ರ ಬಳಿ, ತಾಯಿಯನ್ನು ಬೆನ್ನ ಮೇಲೆ ಹೊತ್ತು ಕಅಬಾಕ್ಕೆ ತವಾಫ್ ಮಾಡಿದ ಯಮನ್ ದೇಶದ ಒಬ್ಬ ವ್ಯಕ್ತಿ, ನಾನು ಆಕೆಯ ಋಣ ತೀರಿಸಿದೆನೇ ಎಂದು ಕೇಳಿದ. ಹೆರಿಗೆಯ ಒಂದು ನರಳಿಕೆಗೂ ಅದು ಸಮವಾಗಿಲ್ಲ ಎಂಬುದೇ ಅವರ ಉತ್ತರವಾಗಿತ್ತು. ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್‌ನಲ್ಲಿ ಇದಿದೆ. ನಾವಾದರೋ ಬೆನ್ನ ಮೇಲೆ ಹೊರಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರೆ ಸಾಕು.

ಹೊರಡುವ ಮುನ್ನ ಕೆಲವು ಎಚ್ಚರಿಕೆ ಬೇಕು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಕಾನೂನಿಗಾಗಿ ಅಲ್ಲ, ಉಮ್ಮನ ತಲೆಗಾಗಿ ಒಳ್ಳೆಯದೊಂದನ್ನು ಕೊಳ್ಳಿರಿ. ಬುರ್ಖಾದ ಅಂಚು, ದುಪಟ್ಟಾದ ತುದಿ, ಸೀರೆಯ ಸೆರಗು ಹಿಂದಿನ ಚಕ್ರಕ್ಕೋ ಚೈನಿಗೋ ಸಿಕ್ಕಿ ಆಗುವ ಅಪಘಾತಗಳು ಭೀಕರವಾಗಿರುತ್ತವೆ. ಚಕ್ರದ ಬದಿಯ ಸೀರೆ ಗಾರ್ಡನ್ನು ಅಂದಕ್ಕಾಗಿ ತೆಗೆಸಬೇಡಿ. ಬಟ್ಟೆಯನ್ನು ಒಟ್ಟುಮಾಡಿ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಲು ಹೇಳಿರಿ. ಹತ್ತುವಾಗ, ಇಳಿಯುವಾಗ ಓಡಿಸುವವರ ಎರಡೂ ಕಾಲು ನೆಲದ ಮೇಲಿರಲಿ.

ಇನ್ನೊಂದು ಸೂಕ್ಷ್ಮ ವಿಷಯ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ಎಷ್ಟೋ ತಾಯಂದಿರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಮಗನಲ್ಲಿ ಹೇಳಲು ನಾಚಿಕೆ. ಆದ್ದರಿಂದ ಎಲ್ಲಿ ನಿಲ್ಲಬೇಕು, ಯಾವ ಸಂಬಂಧಿಕರ ಮನೆಯಿದೆ ಎಂಬುದನ್ನು ಸೊಸೆ ಅಥವಾ ಮಗಳು ಮೊದಲೇ ಗೊತ್ತುಮಾಡಿ ಹೇಳಿಕೊಡಬೇಕು. ಅರ್ಧ ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಲಿ. ಸಕ್ಕರೆ ಕಾಯಿಲೆಯಿದ್ದರೆ ಊಟದ ಹೊತ್ತು ತಪ್ಪದಿರಲಿ. ಬೆನ್ನು ಅಥವಾ ಸೊಂಟದ ತೊಂದರೆ ಇರುವವರಿಗೆ ಬೈಕ್ ಬೇಡ, ಬಸ್ಸೋ ಆಟೋವೋ ಸಾಕು. ಮುಖ್ಯವಾದುದು ವಾಹನವಲ್ಲ, ಆ ದಿನ.

ಸವಾರಿಯೇರುವಾಗ ಹೇಳಬೇಕಾದುದನ್ನು ಅಝ್ಝುಖ್‌ರುಫ್ ಅಧ್ಯಾಯದ 13 ಮತ್ತು 14ನೇ ಸೂಕ್ತಗಳು ನಮಗೆ ಕಲಿಸುತ್ತವೆ. ಈ ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ಕೊನೆಗೆ ನಾವು ಮರಳುವುದು ಅವನೆಡೆಗೇ ಎಂಬುದು ಅದರ ಸಾರ. ಹಿರಿಯರನ್ನು ಹಿಂದೆ ಕೂರಿಸಿಕೊಂಡಾಗ ಆ ಎರಡನೆಯ ಮಾತು ಇನ್ನಷ್ಟು ಆಳವಾಗಿ ನಾಟುತ್ತದೆ.

ಇಂದು ರಾತ್ರಿ ಊಟವಾದ ಮೇಲೆ ಅವರ ಬಳಿ ಕುಳಿತು, "ನಿಮಗೆ ಯಾರನ್ನಾದರೂ ನೋಡಬೇಕೆಂದು ಇದೆಯೇ?" ಎಂದು ಕೇಳಿರಿ. ಮೊದಲಿಗೆ ಯಾರೂ ಇಲ್ಲ ಎಂದಾರು. ಇನ್ನೊಮ್ಮೆ ಕೇಳಿರಿ. ಒಂದು ಹೆಸರು ಬಂದೇ ಬರುತ್ತದೆ. ಮುಂದಿನ ಭಾನುವಾರವೇ ಹೊರಡುವಂತೆ ಮಗನಲ್ಲಿ ಹೇಳಿರಿ. ಹೆತ್ತವರು ಬದುಕಿರುವಾಗಲೇ ಅವರ ಮನಸ್ಸನ್ನು ತಣಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.