ಊರಿಗೆ ಹೋಗಾಕ ಕಾಲುಭಾಗ ರೊಕ್ಕ ಸಾಕು, ಆದ್ರ ಆ ಫಾರ್ಮ್ ಯಾರ ಟೇಬಲ್ಲಿನಾಗ ಐತಿ?



ಸ್ವಲ್ಪ ಉದ್ದ ಐತಿ, ಆದ್ರೂ ಪೂರ್ತಿ ಓದ್ರಿ. ಹಾಸ್ಟೆಲ್ಲಿನಾಗ ಇರೋ ತಮ್ಮಂದಿರಿಗೆ, ತಂಗ್ಯಾರಿಗೆ ಕಳಸ್ರಿ.

ಊರು ಬಿಟ್ಟು ಬಂದು ಓದುವ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿ ರಜೆಗೆ ಮನೆಗೆ ಹೋಗುವಾಗ ರೈಲಿನ ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್ ಕ್ಲಾಸ್ ದರದಲ್ಲಿ ಶೇ. 75 ರಿಯಾಯಿತಿ ಇದೆ. ಉಳಿದ ವಿದ್ಯಾರ್ಥಿಗಳಿಗೆ ಶೇ. 50 ಇದೆ. ಇದು ನಿನ್ನೆ ಮೊನ್ನೆ ಬಂದ ಯೋಜನೆ ಅಲ್ಲ, ಚುನಾವಣೆ ಗ್ಯಾರಂಟಿಯೂ ಅಲ್ಲ. ರೈಲ್ವೆ ನಿಯಮದಾಗ ಮೊದಲಿನಿಂದ ಇರೋದು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರು ಹೇಳಿ ಹಿರಿಯ ನಾಗರಿಕರದ್ದೂ ಸೇರಿ ಹಲವು ರಿಯಾಯಿತಿ ನಿಲ್ಲಿಸಿದರು. ಆಗಲೂ ರೋಗಿಗಳದ್ದು, ಅಂಗವಿಕಲರದ್ದು, ವಿದ್ಯಾರ್ಥಿಗಳದ್ದು ಉಳೀತು.

ಉಳಿದದ್ದು ನಿಯಮ. ನಮ್ಮ ಹುಡುಗರ ಕೈಗೆ ಅದು ಬಂದಿಲ್ಲ. ಹೋದ ತಿಂಗಳು ರಾಯಾಪುರದಾಗ ಹತ್ತು ಹನ್ನೆರಡು ಹುಡುಗರು ಕೂಡಿದ್ದಾಗ ಕೇಳಿದೆ, "ಊರಿಗೆ ಹೆಂಗ ಹೋಗ್ತೀರಪಾ?" ಅಂತ. ಎಲ್ಲಾರೂ ಬಸ್ಸಿನ ಮಾತೇ ಆಡಿದ್ರು. ರೈಲಿನ ರಿಯಾಯಿತಿ ಗೊತ್ತಿದ್ದದ್ದು ಇಬ್ಬರಿಗೆ. ಕಾಲೇಜ್ ಆಫೀಸಿಗೆ ಹೋಗಿ ಕೇಳಿದಾಂವ ಒಬ್ಬನೇ. ಅವನಿಗೂ "ಅಂಥಾದ್ದು ಈಗ ಏನಿಲ್ಲ, ಬಂದ್ ಆಗೇತಿ" ಅಂದು ಕಳಿಸಿದ್ರಂತ. ಇನ್ನೊಬ್ಬ ಸುಮ್ಮನ ಕೂತಿದ್ದ. "ನಾ ಈ ಸಲ ಊರಿಗೆ ಹೋಗಲ್ರಿ ಅಣ್ಣಾ, ಕ್ಯಾಟರಿಂಗ್ ಕೆಲಸ ಸಿಕ್ಕೈತಿ" ಅಂದ. ಅವ್ವಗ ಫೋನಿನಾಗ ಪರೀಕ್ಷೆ ಐತಿ ಅಂತ ಹೇಳ್ಯಾನ.

ಮನೆಗೆ ಹೋಗೋದು ಮೋಜಿನ ಮಾತು ಅಂತ ಯಾರೂ ತಿಳಕೋಬ್ಯಾಡ್ರಿ. ಎಷ್ಟೋ ಕಡೆ ರಜೆ ಬಿದ್ದರೆ ಹಾಸ್ಟೆಲ್ ಮೆಸ್ಸೂ ಬಂದ್. ಊರಾಗ ಹೊಲ ಮನೆ ಇದ್ದವರ ಮಕ್ಕಳು ರಜೆಗೆ ಹೋಗಿ ಬುತ್ತಿ ಕಟ್ಟಿಕೊಂಡು ಬರ್ತಾರ. ಕೂಲಿ ಮಾಡೋರ ಮಕ್ಕಳು ಹೋಗಿ ಬರೋ ಖರ್ಚಿಗೆ ಎಷ್ಟು ದಿನದ ಕೂಲಿ ಆಗತೈತಿ ಅಂತ ಲೆಕ್ಕ ಹಾಕಿ ಕೂಡ್ತಾರ. ಅವರಿಗಾಗಿಯೇ ಮಾಡಿದ ಸೌಲತ್ತು ಅವರಿಗೇ ಗೊತ್ತಿಲ್ಲ.

ಈಗ ಯಾರಿಗೆ ಏನೈತಿ ಅಂತ ಒಂದೊಂದಾಗಿ ನೋಡೋಣ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನಮ್ಮ ಹೆಣ್ಮಕ್ಕಳಿಗೆ ದೊಡ್ಡ ಅನುಕೂಲ ಆಗೇತಿ. ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಿನಾಗ ರಾಜ್ಯದ ಒಳಗ ಎಲ್ಲಿಗಾದ್ರೂ ಹೋಗಬಹುದು. "ಎಲ್ಲಾರಿಗೂ ಫ್ರೀ ಕೊಟ್ಟು ಹಾಳ ಮಾಡ್ಯಾರ" ಅಂತ ಕುಹಕ ಆಡೋರು ಧಾರವಾಡದ ಬಸ್ ಸ್ಟ್ಯಾಂಡಿಗೆ ರಜೆ ದಿನ ಬಂದು ನೋಡ್ಲಿ. ಬ್ಯಾಗ್ ಹೊತ್ತು ನಿಂತ ಕೂಲಿಕಾರರ ಹೆಣ್ಮಕ್ಕಳು ಮೊದಲು ವರ್ಷಕ್ಕ ಎಷ್ಟು ಸಲ ಊರಿಗೆ ಹೋಗ್ತಿದ್ರು, ಈಗ ಎಷ್ಟು ಸಲ ಹೋಗ್ತಾರ ಅಂತ ಅವರನ್ನೇ ಕೇಳ್ಲಿ. ಆದರೆ ಶಕ್ತಿ ರಾಜ್ಯದ ಗಡಿಗೆ ನಿಲ್ಲತೈತಿ. ಜತ್ತ, ಅಕ್ಕಲಕೋಟದ ಕಡೆಯಿಂದ ಕನ್ನಡದಾಗ ಓದಾಕ ಧಾರವಾಡಕ್ಕೆ ಬರೋ ಹೆಣ್ಮಕ್ಕಳಿಗೆ ಅದು ಇಲ್ಲ. ರೈಲಿನ ರಿಯಾಯಿತಿಗೆ ರಾಜ್ಯದ ಗಡಿ ಇಲ್ಲ.

ಗಂಡು ಹುಡುಗರ ಪಾಡು ಬ್ಯಾರೆ. ವಿದ್ಯಾರ್ಥಿ ಬಸ್ ಪಾಸ್ ಐತಲ್ಲ ಅಂತಾರ. ಅದು ಇರೋ ಜಾಗದಿಂದ ಕಾಲೇಜಿಗೆ ದಿನಾ ಹೋಗಿ ಬರಾಕ, ಅದೂ 60 ಕಿಲೋಮೀಟರ್ ಒಳಗ. ಧಾರವಾಡದಿಂದ ಸಿಂಧನೂರಿಗೆ ಹೋಗೋ ಹುಡುಗನಿಗೆ ಅದರಿಂದ ಏನು ಉಪಯೋಗ? 2025ರ ಜನವರಿ 5ರಿಂದ ಸಾರಿಗೆ ನಿಗಮಗಳ ಬಸ್ ದರ ಶೇ. 15 ಏರಿತು. ಹಬ್ಬ ಬಂದರೆ ಖಾಸಗಿ ಬಸ್ಸಿನವರು ದರಕ್ಕೆ ರೆಕ್ಕೆ ಕಟ್ಟತಾರ. ಹಿಂಗಾಗಿ ನಮ್ಮ ಹುಡುಗರಿಗೆ ಉಳಿಯೋದು ರೈಲು.

ರೈಲಿನ ಮಟ್ಟಿಗೆ ಹುಬ್ಬಳ್ಳಿ ಬಡ ಊರಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಐತಿ. 1507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ಇಲ್ಲೇ ಐತಿ. 2023ರ ಮಾರ್ಚ್ 12ರಂದು ಪ್ರಧಾನಿಯವರೇ ಅದನ್ನು ಉದ್ಘಾಟಿಸಿದರು. ಇಲ್ಲಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆ, ಬಾಗಲಕೋಟೆ, ವಿಜಯಪುರ ಕಡೆ, ಹಾವೇರಿ, ದಾವಣಗೆರೆ ಕಡೆ, ಬೆಳಗಾವಿ ಕಡೆ ರೈಲು ಇವೆ. ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ತನಕ ಹಳಿ ಬಂದೈತಿ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂತು. ರಾಯಚೂರು, ಯಾದಗಿರಿ ಹುಡುಗರಿಗೆ ಗುಂತಕಲ್ ಸುತ್ತಿ ಹೋಗೋ ತ್ರಾಸು ಐತಿ, ಗದಗ–ವಾಡಿ ಮಾರ್ಗ ಪೂರ್ತಿ ಆಗೋ ತನಕ ಅವರಿಗೆ ಕಷ್ಟವೇ. ಉಳಿದವರಿಗೆ ದಾರಿ ಐತಿ.

ಹೊಳೆಯೋ ರೈಲು ನಮಗಲ್ಲ ಅನ್ನೋದೂ ಗೊತ್ತಿರ್ಲಿ. 2023ರ ಜೂನ್ 27ಕ್ಕೆ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್‌ನಲ್ಲಿ ಸೆಕೆಂಡ್ ಕ್ಲಾಸೂ ಇಲ್ಲ, ಸ್ಲೀಪರ್ ಕ್ಲಾಸೂ ಇಲ್ಲ. ಅಂದಮೇಲೆ ಈ ರಿಯಾಯಿತಿಯೂ ಇಲ್ಲ.

ಇನ್ನು ರಿಯಾಯಿತಿ ಪಡೆಯೋ ದಾರಿ. ಇದನ್ನ ಸ್ಕ್ರೀನ್‌ಶಾಟ್ ತಗದು ಇಟ್ಕೋರಿ.

ಕಾಲೇಜಿನವರು ರೈಲ್ವೆಯಿಂದ ರಿಯಾಯಿತಿ ಫಾರ್ಮಿನ ಪುಸ್ತಕ ತರಿಸಿ ಇಟ್ಟುಕೊಳ್ಳಬೇಕು. ಅದರಲ್ಲಿ ವಿದ್ಯಾರ್ಥಿಯ ಹೆಸರು, ವಯಸ್ಸು, ಯಾವ ಸ್ಟೇಷನ್ನಿನಿಂದ ಯಾವ ಸ್ಟೇಷನ್ನಿಗೆ ಅಂತ ತುಂಬಿ ಪ್ರಿನ್ಸಿಪಾಲರು ಸಹಿ, ಸೀಲು ಹಾಕಬೇಕು. ಅದನ್ನ ಸ್ಟೇಷನ್ ಕೌಂಟರಿಗೆ ಒಯ್ದು ಕೊಟ್ಟರೆ ರಿಯಾಯಿತಿ ಟಿಕೆಟ್. ಐಆರ್‌ಸಿಟಿಸಿ ಆ್ಯಪಿನಾಗ ಇದು ಸಿಗಂಗಿಲ್ಲ. ತತ್ಕಾಲ್ ಟಿಕೆಟ್ಟಿಗೂ ಇಲ್ಲ. ಮೂಲ ದರ 200 ರೂಪಾಯಿ ಇದ್ದರೆ ನಿಮ್ಮ ಪಾಲು 50. ರಿಸರ್ವೇಷನ್ ಶುಲ್ಕ ಬ್ಯಾರೆ ಕೊಡಬೇಕು, ಸ್ಲೀಪರಿಗೆ ಅದು 20 ರೂಪಾಯಿ. ಸೂಪರ್‌ಫಾಸ್ಟ್ ಆದ್ರ ಮತ್ತ 30.

ತತ್ಕಾಲ್‌ಗೆ ಇಲ್ಲ ಅನ್ನೋ ಮಾತು ನೆನಪಿಡ್ರಿ. 2024ರ ನವೆಂಬರ್ 1ರಿಂದ ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ. ಹಬ್ಬದ ಸೀಟು ಬೇಗ ತುಂಬಿ ಹೋಗತಾವ. ನಮ್ಮ ಪರೀಕ್ಷೆ ವೇಳಾಪಟ್ಟಿ ಬರೋದು ತಡ, ಬಂದಮೇಲೆ ಮುಂದಕ್ಕ ಹೋಗೋದೂ ಐತಿ. ಅಷ್ಟರಾಗ ಆಫೀಸಿನವರು "ನಾಳೆ ಬಾ, ಪ್ರಿನ್ಸಿಪಾಲ್ ಸಾಹೇಬ್ರು ಮೀಟಿಂಗಿನಾಗ ಅದಾರ" ಅಂತ ನಾಲ್ಕು ದಿನ ಅಲೆದಾಡಿಸಿದರೆ ಫಾರ್ಮ್ ಸಿಕ್ಕರೂ ಸೀಟು ಸಿಗೂದಿಲ್ಲ. ತಡ ಮಾಡಿ ಕೊಡೋದೂ ಕೊಡದೇ ಇರೋದಕ್ಕ ಸಮ. ಸೀಟು ಸಿಗದಿದ್ದರೂ ಫಾರ್ಮ್ ಬಿಸಾಕಬ್ಯಾಡ್ರಿ. ಜನರಲ್ ಬೋಗಿಯ ಸೆಕೆಂಡ್ ಕ್ಲಾಸಿಗೂ ಅದು ನಡೀತೈತಿ.

ನಾನೂ ಒಂದು ಆಫೀಸಿನಾಗ ಕ್ಲರ್ಕ್ ಕೆಲಸ ಮಾಡಾಂವ. ಟೇಬಲ್ಲಿನ ಈ ಕಡೆಯ ಕತಿ ನನಗ ಗೊತ್ತೈತಿ. ಒಂದು ಸೌಲತ್ತು ಸಾಯಬೇಕಾದ್ರ ಅದನ್ನ ಯಾರೂ ರದ್ದು ಮಾಡಬೇಕಾಗಿಲ್ಲ. ಪುಸ್ತಕ ಮುಗಿದಾಗ ಹೊಸದು ತರಿಸದಿದ್ರ ಸಾಕು. ಹಳೇ ಕ್ಲರ್ಕ್ ನಿವೃತ್ತಿ ಆಗಿ ಹೊಸಬ ಬಂದಾಗ ಹೇಳದಿದ್ರ ಸಾಕು. ಮೂರು ವರ್ಷಕ್ಕೆ ಒಂದು ಬ್ಯಾಚ್ ಹೊರಗ ಹೋಗತೈತಿ, ಆಮೇಲೆ ಅಂಥಾದ್ದೊಂದು ಇತ್ತು ಅಂತ ಹೇಳೋರೂ ಇರೂದಿಲ್ಲ. ಎಲ್ಲಾ ಕಡೆ ಜಾತಿ ದ್ವೇಷದಿಂದಲೇ ಹಿಂಗ ಆಗತೈತಿ ಅಂತ ನಾ ಅನ್ನಂಗಿಲ್ಲ. ಬಹಳಷ್ಟು ಕಡೆ ಬರೀ ಆಲಸ್ಯ. ಆದರೆ ಆಲಸ್ಯದ ಖರ್ಚು ಯಾರ ಕಿಸೆಯಿಂದ ಹೋಗತೈತಿ ನೋಡ್ರಿ. ಕಾರಿನಾಗ ಊರಿಗೆ ಹೋಗೋರ ಮಕ್ಕಳ ಕಿಸೆಯಿಂದ ಅಲ್ಲ.

ಇನ್ನೊಂದು ಮಾತು ಐತಿ, ನಮ್ಮ ಹುಡುಗರು ಅದನ್ನ ಬಾಯಿ ಬಿಟ್ಟು ಹೇಳೂದಿಲ್ಲ. ಆಫೀಸ್ ಕಿಟಕಿ ಮುಂದ ಕ್ಲಾಸಿನ ಗೆಳೆಯರು ನಿಂತಿರ್ತಾರ. ಒಳಗಿನಿಂದ "ಏನೋ ತಮ್ಮಾ, ಎಸ್‌ಸಿ ಏನು?" ಅಂತ ಜೋರಾಗಿ ಕೇಳ್ತಾರ. ಹಿಂದ ನಿಂತಾಂವ ಒಬ್ಬ "ಇವರದು ಬಿಡಪಾ, ಎಲ್ಲಾ ಫ್ರೀ" ಅಂತ ನಗ್ತಾನ. ಮುನ್ನೂರು ರೂಪಾಯಿ ಉಳಿಸಾಕ ಹೋಗಿ ಈ ಮಾತು ಕೇಳೋದಕ್ಕಿಂತ ಸಾಲ ಮಾಡಿ ಬಸ್ಸಿಗೆ ಹೋಗೋದು ವಾಸಿ ಅಂತ ಹುಡುಗ ತಿರುಗಿ ಹೋಗ್ತಾನ. ಇದನ್ನ ನಾಚಿಕೆ ಅನ್ನಬ್ಯಾಡ್ರಿ, ಮರ್ಯಾದೆ ಅನ್ರಿ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಮೊದಲು ಬರೆದ ಅನುಭವವೇ ರಜೆಯ ಪ್ರಯಾಣದ್ದು. 1901. ಬೇಸಿಗೆ ರಜೆಗೆ ಸಾತಾರದಿಂದ ಕೋರೆಗಾಂವ್‌ನಲ್ಲಿದ್ದ ಅಪ್ಪನ ಹತ್ತಿರ ಹೊರಟ ಮಕ್ಕಳು. ಟಿಕೆಟ್ ತಗೊಂಡು ಮಸೂರ್ ಸ್ಟೇಷನ್ ತನಕ ಸುಖವಾಗಿ ಬಂದ್ರು. ಇಳಿದಮೇಲೆ ಸ್ಟೇಷನ್ ಮಾಸ್ತರ್ "ಯಾರು ನೀವು" ಅಂತ ಕೇಳಿದ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖ ಬದಲಾಯ್ತು. ಒಂದು ಚಕ್ಕಡಿಯವನೂ ಕರೆದೊಯ್ಯಲು ಒಪ್ಪಲಿಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಚಕ್ಕಡಿಯನ್ನ ಮಕ್ಕಳೇ ಹೊಡಕೊಂಡು ಹೋಗಬೇಕಾಯ್ತು. ಮಕ್ಕಳು ಬರ್ತಾರ ಅಂತ ಬರೆದ ಪತ್ರ ಅಪ್ಪನ ಕೈಗೆ ಸೇರಿರಲಿಲ್ಲ. ಆಳು ಅದನ್ನ ತಗೊಂಡಿದ್ದ, ಕೊಟ್ಟಿರಲಿಲ್ಲ. ನೂರಿಪ್ಪತ್ತು ವರ್ಷ ದಾಟಿದ್ರೂ ಎರಡು ಮಾತು ಹಂಗೇ ಅದಾವ. ನಮ್ಮ ಮಕ್ಕಳ ಕಾಗದ ನಡುವಿನವರ ಕೈಯಾಗ ನಿಲ್ಲತೈತಿ. ಜಾತಿ ಕೇಳಿದ ಮೇಲೆ ಎದುರಿನವರ ದನಿ ಬದಲಾಗತೈತಿ.

ಧಾರವಾಡಕ್ಕೆ ಈ ವಿಷಯದಾಗ ಹೆಚ್ಚಿನ ಜವಾಬ್ದಾರಿ ಐತಿ. 1920ರ ದಶಕದ ಕೊನೆಗೆ ಬಾಬಾಸಾಹೇಬರ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ನಡೆಸಿದ ಹಾಸ್ಟೆಲ್‌ಗಳಲ್ಲಿ ಒಂದು ಇದ್ದದ್ದು ಈ ಊರಿನಾಗ. ನಮ್ಮ ಮಕ್ಕಳು ಊರು ಬಿಟ್ಟು ಬಂದು ಓದ್ಲಿ ಅಂತ ಅವರು ಅಂದೇ ಜಾಗ ಮಾಡಿದ್ರು. ಬಂದ ಮಕ್ಕಳು ಊರಿಗೆ ಹೋಗಿ ಬರೋ ದಾರಿ ನಾವು ನೋಡಬ್ಯಾಡೇನು?

ನನ್ನ ಅಭಿಪ್ರಾಯ ಇಷ್ಟೇ. ಈ ಫಾರ್ಮನ್ನ "ಎಸ್‌ಸಿ, ಎಸ್‌ಟಿ ಸೌಲತ್ತು" ಅಂತ ಕೇಳಬಾರದು. "ಎಲ್ಲಾ ವಿದ್ಯಾರ್ಥಿಗಳ ರೈಲು ರಿಯಾಯಿತಿ" ಅಂತ ಕೇಳಬೇಕು. ಜನರಲ್ ವಿದ್ಯಾರ್ಥಿಗೂ ಶೇ. 50 ಐತಿ. ಒಂದೇ ನೋಟೀಸು, ಒಂದೇ ಸಾಲು, ಒಂದೇ ಟೇಬಲ್ಲು ಇರ್ಲಿ. ಲಿಂಗಾಯತರ ಹುಡುಗ, ಕುರುಬರ ಹುಡುಗ, ಸಾಬರ ಹುಡುಗಿ, ನಮ್ಮ ಹುಡುಗ ಎಲ್ಲಾರೂ ಅದೇ ಸಾಲಿನಾಗ ನಿಲ್ಲಲಿ. ಯಾರದು 50, ಯಾರದು 75 ಅಂತ ಕಿಟಕಿಯಾಗ ಕೇಳೋ ಅಗತ್ಯವೇ ಇಲ್ಲ. ಅಡ್ಮಿಷನ್ ಫೈಲಿನಾಗ ಜಾತಿ ಪ್ರಮಾಣಪತ್ರ ಐತಿ, ಸ್ಕಾಲರ್‌ಶಿಪ್ ಅರ್ಜಿಯಾಗೂ ಐತಿ. ಅದನ್ನ ನೋಡಿ ತುಂಬಿ ಮಡಚಿ ಕೊಡ್ರಿ. ಎಲ್ಲಾರೂ ಕೇಳಾಕ ಹತ್ತಿದ್ರ ಪುಸ್ತಕ ತಾನಾಗಿ ಬರತೈತಿ, ನಗೋರ ಬಾಯಿಯೂ ಮುಚ್ಚತೈತಿ.

ನಮ್ಮೊಳಗೇ ಕೆಲವರು ಅಂತಾರ, "ಅಣ್ಣಾ, ಇದು ಸಣ್ಣ ಮಾತು, ಗಂಡು ಹುಡುಗರಿಗೂ ಶಕ್ತಿ ಯೋಜನೆ ಕೇಳೋಣ, ದೊಡ್ಡ ಹೋರಾಟ ಮಾಡೋಣ." ಮಾಡೋಣ, ಯಾರು ಬ್ಯಾಡ ಅಂದ್ರು? ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲಿನಾಗ ಇರೋ ಹುಡುಗರಿಗೆ ವರ್ಷಕ್ಕ ಎರಡು ಸಲ ಊರಿಗೆ ಹೋಗಿ ಬರೋ ಬಸ್ ಖರ್ಚು ಸರಕಾರ ಕೊಡ್ಲಿ ಅಂತ ನಾನೂ ಕೇಳ್ತೀನಿ. ರೈಲು ಇಲ್ಲದ ಊರಿನವರಿಗೆ ಅದು ಬೇಕೇ ಬೇಕು. ಆದರೆ ಈಗಾಗಲೇ ಗೆದ್ದು ಇಟ್ಟದ್ದನ್ನ ತಗೊಳ್ಳದೇ ಹೊಸದು ಕೇಳಾಕ ಹೋದ್ರ, ಸಿಕ್ಕ ಹೊಸದೂ ಅದೇ ಡ್ರಾಯರಿನಾಗ ಹೋಗಿ ಕೂಡತೈತಿ.

ಹಂಗಾದ್ರ ಈ ವಾರ ಏನು ಮಾಡೋದು?

ಒಂದು, ನಾಲ್ಕೈದು ಮಂದಿ ಕೂಡಿ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡ್ರಿ. ಎಲ್ಲಾ ಜಾತಿಯವರ ಸಹಿ ಇರ್ಲಿ. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ರಿ. ಬಾಯಿ ಮಾತಿಗೆ ಆಫೀಸಿನಾಗ ಕಿಮ್ಮತ್ತಿಲ್ಲ.

ಎರಡು, ಹದಿನೈದು ದಿನದಾಗ ಉತ್ತರ ಬರದಿದ್ರ ಮಾಹಿತಿ ಹಕ್ಕು ಅರ್ಜಿ ಹಾಕ್ರಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡಬೇಕು. ಮೂರೇ ಪ್ರಶ್ನೆ ಕೇಳ್ರಿ: ಕಳೆದ ಮೂರು ವರ್ಷದಲ್ಲಿ ರೈಲ್ವೆಯಿಂದ ಎಷ್ಟು ರಿಯಾಯಿತಿ ಫಾರ್ಮ್ ತರಿಸಿದ್ದೀರಿ? ಎಷ್ಟು ವಿದ್ಯಾರ್ಥಿಗಳಿಗೆ ಕೊಟ್ಟಿದ್ದೀರಿ? ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು? ಈ ಮೂರು ಪ್ರಶ್ನೆ ಓದಿದ ಕೂಡಲೇ ಎಷ್ಟೋ ಆಫೀಸಿನಾಗ ಪುಸ್ತಕ ಹುಡುಕಾಕ ಶುರು ಆಗತೈತಿ.

ಮೂರು, ಹಾಸ್ಟೆಲ್ ವಾರ್ಡನ್‌ರಿಗೆ ಹೇಳಿ ನೋಟೀಸ್ ಬೋರ್ಡಿಗೆ ಹಚ್ಚಿಸ್ರಿ. ಹೊಸದಾಗಿ ಬಂದ ಫಸ್ಟ್ ಇಯರ್ ಹುಡುಗರಿಗೆ ನೀವೇ ಕೂತು ಹೇಳ್ರಿ. ಆಫೀಸಿನವರು ಮರೀಬಹುದು, ನಾವು ಮರೀಬಾರದು.

ಅರ್ಜಿ ಬರೆಯಾಕ ಬರದವರು ರಾಯಾಪುರಕ್ಕ ಬರ್ರಿ. ಹುಬ್ಬಳ್ಳಿ ಧಾರವಾಡ ಎರಡಕ್ಕೂ ನಡುವ ಐತಿ, ಯಾರಿಗೂ ದೂರ ಆಗೂದಿಲ್ಲ. ಭಾನುವಾರ ಮುಂಜಾನೆ ನಾ ಇರ್ತೀನಿ. ಪೆನ್ನು, ಕಾಗದ ನಮ್ಮಲ್ಲೇ ಅದಾವ. ನಿಮ್ಮ ಕಾಲೇಜಿನಾಗ ಫಾರ್ಮ್ ಸಿಕ್ಕರೆ ಕೆಳಗ ಕಮೆಂಟಿನಾಗ ಬರೀರಿ, ಸಿಗದಿದ್ರೂ ಬರೀರಿ. ಕ್ಯಾಟರಿಂಗ್ ಕೆಲಸಕ್ಕ ಒಪ್ಪಿಕೊಂಡ ಆ ತಮ್ಮನ ಫಾರ್ಮಿಗೆ ಮೊದಲ ಅರ್ಜಿ ಈ ಭಾನುವಾರ ಬರೀತೀವಿ.

ಜೈ ಭೀಮ್.