ಮದ್ದಿನ ಚೀಟಿ ಮನೆಯವರಿಗೆ ಅರ್ಥವಾಗಲಿ

ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಯಾರಾದರೊಬ್ಬರು ಜೇಬಿನಿಂದ ಕಾಗದ ತೆಗೆದು ಮುಂದೆ ಹಿಡಿಯುವುದುಂಟು. "ಉಸ್ತಾದ್ರೇ, ಇದರಲ್ಲಿ ಏನು ಬರೆದದ್ದು, ಒಮ್ಮೆ ನೋಡಿ" ಎನ್ನುತ್ತಾರೆ. ಒಮ್ಮೆ ಪಂಚಾಯತ್ ನೋಟಿಸ್, ಇನ್ನೊಮ್ಮೆ ಬ್ಯಾಂಕಿನ ಪತ್ರ. ಹೆಚ್ಚಾಗಿ ಆಸ್ಪತ್ರೆಯ ಚೀಟಿ.

ಕಳೆದ ಮಳೆಗಾಲದಲ್ಲಿ ಹಾಗೆ ಬಂದವರು ನಮ್ಮ ಮೊಹಲ್ಲಾದ ಒಬ್ಬ ಹಿರಿಯರು. ಪತ್ನಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ನಾಲ್ಕು ದಿನವಾಗಿತ್ತು. ಚೀಟಿಯಲ್ಲಿ ನಾಲ್ಕು ಬಗೆಯ ಮಾತ್ರೆಗಳಿದ್ದವು. ನೋವಿನ ಮಾತ್ರೆಯ ಮುಂದೆ 'ಎಸ್‌ಒಎಸ್' ಎಂದು ಬರೆದಿತ್ತು. ಎಸ್‌ಒಎಸ್ ಅಂದರೆ ಅರ್ಜೆಂಟ್ ಅಲ್ವಾ, ತಪ್ಪಿಸಲೇಬಾರದು ಎಂದುಕೊಂಡು ಸೊಸೆ ಮೂರು ಹೊತ್ತೂ ಕೊಡುತ್ತಿದ್ದಳು. ಆ ತಾಯಿಗೆ ಹೊಟ್ಟೆ ಉರಿ, ಊಟ ಸೇರುತ್ತಿಲ್ಲ. ನೋಡಿದರೆ ನನಗೂ ಅರ್ಥವಾಗಲಿಲ್ಲ. ಪಿಯುಸಿಯ ಇಂಗ್ಲಿಷ್ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮೆಡಿಕಲ್‌ಗೆ ಫೋನ್ ಮಾಡಿದಾಗ ಅವರು ಹೇಳಿದರು: "ಅದು ನೋವಿದ್ದರೆ ಮಾತ್ರ ತೆಗೆದುಕೊಳ್ಳುವುದು. ಹೊಟ್ಟೆ ಉರಿ ಉಂಟಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ."

ಸೊಸೆಯದು ತಪ್ಪೇ? ಅಲ್ಲ. ಅತ್ತೆಯ ಮೇಲಿನ ಕಾಳಜಿಯಿಂದಲೇ ಅವಳು ಹೊತ್ತು ತಪ್ಪದೆ ಕೊಟ್ಟದ್ದು. ತಪ್ಪು ಇದ್ದದ್ದು ಬರೆದ ರೀತಿಯಲ್ಲಿ.

ಚೀಟಿಯ ಮೇಲಿನ ಈ ಅಕ್ಷರಗಳು ನಿಜವಾಗಿ ಇಂಗ್ಲಿಷೇ ಅಲ್ಲ, ಹಳೆಯ ಲ್ಯಾಟಿನ್ ಮಾತುಗಳ ತುಂಡುಗಳು. 'ಒಡಿ' ಎಂದರೆ ದಿನಕ್ಕೊಮ್ಮೆ, 'ಬಿಡಿ' ಎಂದರೆ ಎರಡು ಸಲ, 'ಟಿಡಿಎಸ್' ಎಂದರೆ ಮೂರು ಸಲ, 'ಎಚ್‌ಎಸ್' ಎಂದರೆ ಮಲಗುವಾಗ, 'ಎಸ್‌ಒಎಸ್' ಎಂದರೆ ಬೇಕಾದರೆ ಮಾತ್ರ. ಡಾಕ್ಟರಿಗೂ ಮೆಡಿಕಲ್‌ನವರಿಗೂ ಇದು ಸುಲಭ. ಆದರೆ ಮಾತ್ರೆ ಬಿಡಿಸಿ ಕೊಡುವುದು ಮನೆಯ ಹೆಂಗಸರು. ಚೀಟಿ ಬರೆಯುವಾಗ ಅವರ ನೆನಪು ಯಾರಿಗೂ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ಮಾತು ಬ್ಯಾರಿ. ಆಸ್ಪತ್ರೆಯಲ್ಲಿ ಎಷ್ಟೋ ಡಾಕ್ಟರುಗಳಿಗೆ, ನರ್ಸುಗಳಿಗೆ ಬ್ಯಾರಿ ಬಾರದು, ಹೊರಗಿನಿಂದ ಬಂದ ಕೆಲವರಿಗೆ ಕನ್ನಡವೂ ಬಾರದು. ಹಾಗಾಗಿ ಇಂಗ್ಲಿಷ್ ಬೇಡವೇ ಬೇಡ ಎಂದು ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ. ಕನ್ನಡದಲ್ಲಿ ಬರೆದರೆ ಬಹಳ ಒಳ್ಳೆಯದು. ಆಗದಿದ್ದರೆ ಸರಳ ಇಂಗ್ಲಿಷಿನಲ್ಲಾದರೂ ಬರೆಯಲಿ. 'ಬೆಳಿಗ್ಗೆ ತಿಂಡಿಯ ನಂತರ ಒಂದು ಮಾತ್ರೆ' ಎಂಬುದನ್ನು ನೇರ ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತನೇ ಕ್ಲಾಸಿನ ಮಗಳು ಅದನ್ನು ಓದಿ, ಉಮ್ಮನಿಗೆ ಬ್ಯಾರಿಯಲ್ಲಿ ಹೇಳುತ್ತಾಳೆ. 'ಬಿಡಿ' ಎಂಬ ಎರಡಕ್ಷರ ಅವಳಿಗೂ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಮಾತೃಭಾಷೆಯಾದ ದೇಶಗಳಲ್ಲೇ ಜನ ಇದಕ್ಕಾಗಿ ಹೋರಾಡಿದ್ದಾರೆ. ಬ್ರಿಟನ್ನಿನ ಲಿವರ್‌ಪೂಲ್‌ನ ಕ್ರಿಸ್ಸಿ ಮಾಹರ್ ಎಂಬ ಮಹಿಳೆ ಹದಿಹರೆಯದವರೆಗೆ ಓದಲು ಕಲಿತಿರಲಿಲ್ಲ. 1979ರಲ್ಲಿ ಅವರು ಲಂಡನ್ ಸಂಸತ್ತಿನ ಎದುರು ಅರ್ಥವಾಗದ ಸರಕಾರಿ ಫಾರಂಗಳನ್ನು ಚೂರು ಮಾಡಿ, ಸರಳ ಇಂಗ್ಲಿಷಿಗಾಗಿ ಚಳವಳಿ ಶುರು ಮಾಡಿದರು. ಅಮೆರಿಕದಲ್ಲಿ 2010ರಲ್ಲಿ, ಸರಕಾರಿ ಇಲಾಖೆಗಳು ಜನರಿಗೆ ತಿಳಿಯುವಂತೆ ಬರೆಯಬೇಕೆಂದು ಕಾನೂನೇ ಬಂತು.

ಓದಲು ಬಂದರೆ ಸಾಕು ಎಂದೂ ಅಲ್ಲ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ 'ಎರಡು ಮಾತ್ರೆ, ದಿನಕ್ಕೆ ಎರಡು ಸಲ' ಎಂಬ ಲೇಬಲ್ ಕೊಟ್ಟರು. ಓದು ಕಡಿಮೆಯಿದ್ದವರಲ್ಲಿ 100ಕ್ಕೆ ಸುಮಾರು 70 ಮಂದಿ ಅದನ್ನು ಸರಿಯಾಗಿ ಹೇಳಿದರು. ದಿನಕ್ಕೆ ಒಟ್ಟು ಎಷ್ಟು, ಎಣಿಸಿ ತೋರಿಸಿ ಎಂದಾಗ ನಾಲ್ಕು ಮಾತ್ರೆ ತೋರಿಸಿದವರು ಸುಮಾರು 35 ಮಂದಿ ಮಾತ್ರ. 'ಬೆಳಿಗ್ಗೆ ಎರಡು, ರಾತ್ರಿ ಎರಡು' ಎಂದು ಬರೆದರೆ ಲೆಕ್ಕ ಹಾಕುವ ಕಷ್ಟವೇ ಇಲ್ಲ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ವಾರ ಮತ್ತು ದಿನ ಎಂಬ ಎರಡು ಮಾತುಗಳ ನಡುವೆ ಒಂದು ಜೀವ ನಿಂತಿರುತ್ತದೆ.

ನಮ್ಮ ದೇಶದಲ್ಲೂ ಇದಕ್ಕೆ ಆಧಾರ ಉಂಟು. ಮದ್ದಿನ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ಮಟ್ಟದಲ್ಲಿ ವಿವರ ಹೇಳಬೇಕು ಎನ್ನುತ್ತದೆ. ಕೇಳುವುದು ನಮ್ಮ ಹಕ್ಕು. ಡಾಕ್ಟರಿಗೆ ತೊಂದರೆ ಕೊಟ್ಟಂತೆ ಎಂದು ಸಂಕೋಚಪಡಬೇಕಾಗಿಲ್ಲ.

ಆದರೆ ನಾವು ಕೇಳುತ್ತೇವೆಯೇ? "ಗೊತ್ತಾಯ್ತಾ?" ಎಂದರೆ ಎಲ್ಲರೂ ತಲೆಯಾಡಿಸಿ ಹೊರಗೆ ಬರುತ್ತೇವೆ. ಮದ್ರಸದಲ್ಲಿ ನಾವು ಮಕ್ಕಳನ್ನು "ಗೊತ್ತಾಯ್ತಾ" ಎಂದು ಕೇಳಿ ಬಿಡುವುದಿಲ್ಲ. ಪಾಠವನ್ನು ತಿರುಗಿ ಒಪ್ಪಿಸಲು ಹೇಳುತ್ತೇವೆ, ತಪ್ಪು ಎಲ್ಲಿದೆ ಎಂದು ಆಗಲೇ ಗೊತ್ತಾಗುವುದು. ಮದ್ದಿನ ವಿಷಯದಲ್ಲೂ ಹಾಗೆಯೇ ಮಾಡೋಣ. ಕೌಂಟರ್ ಬಿಡುವ ಮೊದಲು, "ಇದು ಬೆಳಿಗ್ಗೆ, ಇದು ರಾತ್ರಿ ಊಟದ ನಂತರ, ಇದು ನೋವಿದ್ದರೆ ಮಾತ್ರ, ಸರಿಯಾ?" ಎಂದು ಅವರಿಗೇ ಒಪ್ಪಿಸಿ. ಪ್ರತಿ ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ರಮಝಾನ್‌ನಲ್ಲಿ ಮಾತ್ರೆಯ ಹೊತ್ತನ್ನು ಇಫ್ತಾರ್‌ಗೋ ಸಹರಿಗೋ ನಾವೇ ಬದಲಾಯಿಸುವುದು ಬೇಡ. ಉಪವಾಸ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ, ಅದನ್ನೂ ಬರೆಸಿಕೊಳ್ಳಿ.

ಜಮಾಅತ್‌ಗಳೂ ಯುವಕರ ಸಂಘಗಳೂ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತವೆ, ಒಳ್ಳೆಯ ಕೆಲಸ. ಮುಂದಿನ ಶಿಬಿರದಲ್ಲಿ ಒಂದು ಮೇಜು ಹೆಚ್ಚು ಹಾಕಿ. ಮನೆಯಲ್ಲಿರುವ ಚೀಟಿ, ಮಾತ್ರೆಗಳನ್ನು ಜನ ತರಲಿ. ಊರಿನ ಫಾರ್ಮಸಿ ಓದಿದ ಮಕ್ಕಳು ಕುಳಿತು ಒಂದೊಂದನ್ನೂ ಬ್ಯಾರಿಯಲ್ಲಿ ಬಿಡಿಸಿ ಹೇಳಲಿ, ಸಂಶಯ ಬಂದರೆ ಡಾಕ್ಟರ ಬಳಿ ಕಳಿಸಲಿ. ಇದಕ್ಕೆ ದೊಡ್ಡ ಖರ್ಚಿಲ್ಲ.

ಆಸ್ಪತ್ರೆಯವರಲ್ಲೂ ಮೆಡಿಕಲ್‌ನವರಲ್ಲೂ ನಮ್ಮ ವಿನಂತಿ ಒಂದೇ. ನೀವು ಕೊಡುವ ಮದ್ದು ಒಳ್ಳೆಯದೇ, ಅದನ್ನು ಹೇಗೆ ಕೊಡಬೇಕೆಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ತಿಳಿಯುವ ಹಾಗೆ ಎರಡು ಸಾಲು ಬರೆದುಕೊಡಿ.